ಎಂಟನೇ ರನ್‌ನಲ್ಲಿ ರಾಡ್ ಬ್ಲಾಕ್ ಒಡೆದು ಹೊರಗೆ ಬಂತು. ಈ ಸಲ ಗಟ್ಟಿಯಾಗಿ ಕಟ್ಟಬೇಕು, ಸಲಹೆ ಕೊಡಿ

ಕಾಲುಮೈಲಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಗ್ಯಾರೇಜ್ ಬಾಗಿಲು ತೆಗೆಯೋಕೇ ಮನಸ್ಸಾಗಿರಲಿಲ್ಲ.

ಗಾಡಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಆರ್32. ಎಂಜಿನ್ ಆರ್‌ಬಿ26ಡಿಇಟಿಟಿ. ಒಳಗೆಲ್ಲ ಕಂಪನಿಯದೇ ಪಿಸ್ಟನ್, ಕಂಪನಿಯದೇ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದ್ರೆ ತಿರುಗುವ ಶಾಫ್ಟಿಗೆ, ಜೋಡಿಸುವ ಸರಳು). ಹೊರಗಡೆ ಮಾತ್ರ ಕೈ ಹಾಕಿದ್ದೆ. ಎರಡು ಸೆರಾಮಿಕ್ ಟರ್ಬೊ ತೆಗೆದು ಒಂದೇ ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್, ಬೇರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್). ಬೂಸ್ಟ್, ಅಂದ್ರೆ ಟರ್ಬೊ ತುಂಬುವ ಗಾಳಿಯ ಒತ್ತಡ, 1.4 ಬಾರ್. ಕಾಲು ಮೈಲಿ, ಅಂದ್ರೆ 402 ಮೀಟರ್, 11.1 ಸೆಕೆಂಡಿಗೆ ಓಡುತ್ತಿತ್ತು. ಬೋರ್ಡಿನಲ್ಲಿ ಒಂದು ಸಲವಾದರೂ 10 ಅನ್ನೋ ಅಂಕಿ ಕಾಣಬೇಕು ಅನ್ನೋದೇ ಆಸೆ.

ಆ ದಿನ ಏಳು ರನ್ ಸಲೀಸಾಗಿ ಆದವು. ಪ್ರತಿ ರನ್ ಮುಗಿದ ಮೇಲೆ ಬಾನೆಟ್ ಎತ್ತಿ, ಟೈರಿನ ಗಾಳಿ ನೋಡಿ, ಕ್ಯಾಚ್ ಕ್ಯಾನ್ (ಎಂಜಿನ್ನಿನ ಗಾಳಿಯ ಜೊತೆ ಹೊರಬರುವ ಎಣ್ಣೆ ಹಿಡಿಯುವ ಡಬ್ಬ) ಖಾಲಿ ಮಾಡಿ ಮತ್ತೆ ಸಾಲಿಗೆ ನಿಲ್ಲುತ್ತಿದ್ದೆ. ಎಂಟನೇ ಸಲ ಸುಮಾರು 300 ಮೀಟರ್ ದಾಟಿದ್ದೆ, ನಾಲ್ಕನೇ ಗೇರ್ ಆಗಷ್ಟೇ ಬಿದ್ದಿತ್ತು. ಮೊದಲು ಟಕ ಟಕ ಅಂತ ಸಣ್ಣ ಸದ್ದು. ಏನಿದು ಅಂದುಕೊಳ್ಳುವಷ್ಟರಲ್ಲಿ ತಗಡಿನ ಡ್ರಮ್ಮಿಗೆ ಸುತ್ತಿಗೆ ಬೀಸಿದ ಹಾಗೆ ಒಂದೇ ಏಟು. ಕನ್ನಡಿ ತುಂಬ ಹೊಗೆ, ಮೂಗಿಗೆ ಸುಟ್ಟ ಎಣ್ಣೆ. ಕ್ಲಚ್ ತುಳಿದು, ಸ್ಟೀರಿಂಗ್ ಅಲುಗಾಡಿಸದೆ ನೇರವಾಗಿ ನಿಲ್ಲಿಸಿದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಟ್ರ್ಯಾಕ್ ಮೇಲೆ ಎಣ್ಣೆ ಚೆಲ್ಲಿ ಮುಕ್ಕಾಲು ಗಂಟೆ ಎಲ್ಲರ ಓಟ ನಿಂತಿತು. ಪುಡಿ ಎರಚಿ ಗುಡಿಸುತ್ತಿದ್ದವರ ಮುಖ ನೋಡೋಕೆ ಆಗಲಿಲ್ಲ.

ಬ್ಲಾಕಿನ ಬದಿಯಲ್ಲಿ ಅಂಗೈ ತೂರುವಷ್ಟು ತೂತು. ಐದನೇ ಸಿಲಿಂಡರಿನ ರಾಡ್ ಅಲ್ಲಿಂದ ಇಣುಕುತ್ತಿದೆ. ನನ್ನ ಅನುಮಾನ ಇಷ್ಟು: ಪೆಟ್ರೋಲ್ ಸಾಲದೆ ಲೀನ್ ಆಗಿದೆ, ಇಲ್ಲಾ ಹಳೆ ರಾಡ್ ಈ ಪವರ್ ತಡೆದಿಲ್ಲ. ಈ ಸಲ ಫೋರ್ಜ್ಡ್ (ಬಡಿದು ಮಾಡಿದ, ಗಟ್ಟಿ) ಪಿಸ್ಟನ್, ಫೋರ್ಜ್ಡ್ ರಾಡ್ ಹಾಕಿ ಕಟ್ಟಬೇಕು. ಯಾವ ರಾಡ್ ತಗೊಳ್ಳಲಿ?

ಬೂಸ್ಟ್ ಭೂತ

ಅಯ್ಯೋ ಗುರು, ಹೊಟ್ಟೆ ಉರೀತು ಓದಿ. ಎಚ್ ಆಕಾರದ ಎಚ್-ಬೀಮ್ ರಾಡ್, 2618 ಮಿಶ್ರಲೋಹದ ಪಿಸ್ಟನ್, ಕಣ್ಣು ಮುಚ್ಚಿ ಹಾಕು. ಹೇಗೂ ಎಲ್ಲ ಬಿಚ್ಚಲೇಬೇಕು, ಪಿಸ್ಟನ್ ಓಟ ಉದ್ದ ಮಾಡಿ ಎಂಜಿನ್ನನ್ನು 2.8 ಲೀಟರ್ ಮಾಡುವ ಸ್ಟ್ರೋಕರ್ ಕ್ರ್ಯಾಂಕ್ ಕೂಡ ಹಾಕಿಬಿಡು. ಬೂಸ್ಟ್ 1.8ಕ್ಕೆ ಏರಿಸು. 10 ಏನು, 9 ಕೂಡ ಕಾಣುತ್ತೆ.

ಡೀಸೆಲ್ ಜೀವ

ಎಂಜಿನ್ನಿಗೆ ಕಿಟಕಿ ಇಡಿಸಿದ್ದೀರಿ, ಇನ್ನು ಗಾಳಿ ಬೆಳಕಿಗೆ ತೊಂದರೆ ಇಲ್ಲ. ತಮಾಷೆ ಬಿಡಿ, ನೀವು ಕ್ಷೇಮ ತಾನೆ? ಎಣ್ಣೆ ಹಿಂದಿನ ಟೈರಿಗೆ ಸಿಕ್ಕಿ ಗಾಡಿ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಳೆ ಸ್ಪ್ಯಾನರ್

ರಾಡಿನ ಮಾತು ಆಮೇಲೆ. ಮೊದಲು ಪೋಸ್ಟ್‌ಮಾರ್ಟಂ ಆಗಲಿ.

ಯಾಕೆ ಸತ್ತಿತು ಅಂತ ಗೊತ್ತಿಲ್ಲದೆ ಕಟ್ಟಿದರೆ ಅದೇ ಕಾಯಿಲೆ ಹೊಸ ಸಾಮಾನಿಗೂ ಬರುತ್ತದೆ. ವ್ಯತ್ಯಾಸ ಏನೆಂದರೆ ಆಗ ಬಿಲ್ಲು ದೊಡ್ಡದು. ಇಷ್ಟು ಮಾಡಿ. ಆರು ಸ್ಪಾರ್ಕ್ ಪ್ಲಗ್ ತೆಗೆದು ಸಾಲಾಗಿ ಇಡಿ. ಪಿಸ್ಟನ್ ತಲೆಗಳ ಫೋಟೋ ಬೇಕು. ರಾಡ್ ಬೇರಿಂಗ್ ಆರು ಜೊತೆ, ಮೇನ್ ಬೇರಿಂಗ್ ಏಳು ಜೊತೆ (ಕ್ರ್ಯಾಂಕ್ ತಿರುಗುವ ಜಾಗದ ಲೋಹದ ಚಿಪ್ಪುಗಳು), ಯಾವುದು ಎಲ್ಲಿಂದ ಬಂತು ಅಂತ ಹಿಂಬದಿಯಲ್ಲಿ ಮಾರ್ಕರಿನಿಂದ ಬರೆದಿಡಿ. ಆಯಿಲ್ ಫಿಲ್ಟರ್ ಕತ್ತರಿಸಿ ಬಿಡಿಸಿ ಹರಡಿ. ಆಯಿಲ್ ಪಂಪ್ ಮುಟ್ಟಬೇಡಿ, ಅದನ್ನು ಕೊನೆಗೆ ಬಿಚ್ಚೋಣ. ಮುಖ್ಯವಾಗಿ ಯಾವುದನ್ನೂ ತೊಳೆಯಬೇಡಿ.

ಎರಡನೇ ಗೇರ್

ಹೊಸಬನ ಪ್ರಶ್ನೆ, ಬೈಯಬೇಡಿ. ತೊಳೆಯಬಾರದು ಯಾಕೆ ಅಣ್ಣ?

ಲೇತ್ ಅಕ್ಕ

ಸಾಕ್ಷಿ ಇರೋದೇ ಆ ಕೊಳಕಿನಲ್ಲಿ. ನಮ್ಮ ಮಷೀನ್ ಶಾಪಿಗೆ ತಳತಳ ತೊಳೆದ ಬ್ಲಾಕ್ ತಂದು "ಯಾಕೆ ಹೋಯ್ತು ಹೇಳಿ" ಅನ್ನುತ್ತಾರೆ. ನಾನೇನು ಕಣಿ ಹೇಳುವವಳಾ?

ಲೀನ್ ಆಗಿ ಡೆಟೋನೇಶನ್ (ಪೆಟ್ರೋಲ್ ಹದ ತಪ್ಪಿ ಸಿಡಿಯುವುದು) ಆಗಿದ್ದರೆ ಪಿಸ್ಟನ್ ತಲೆಯ ಅಂಚಿನಲ್ಲಿ ಮರಳು ಎರಚಿದ ಹಾಗೆ ಚುಕ್ಕಿ ಚುಕ್ಕಿ ಗುಳಿ ಇರುತ್ತದೆ. ರಿಂಗ್ ಕೂರುವ ಅಂಚು ಒಡೆದಿರುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಅಲ್ಯೂಮಿನಿಯಂ ಸಣ್ಣ ಮಣಿಗಳ ಹಾಗೆ ಅಂಟಿರುತ್ತದೆ. ಎಣ್ಣೆ ಇಲ್ಲದೆ ಸತ್ತಿದ್ದರೆ ಮೇಲೆಲ್ಲ ಚೆನ್ನಾಗಿದ್ದು ಕೆಳಗೆ ಬೇರಿಂಗ್ ಸುಟ್ಟಿರುತ್ತದೆ. ರಾಡನ್ನು ಕ್ರ್ಯಾಂಕಿಗೆ ಬಿಗಿಯುವ ಬೋಲ್ಟ್ ತಾನಾಗಿ ಮುರಿದಿದ್ದರೆ ಮುರಿದ ಮುಖ ನೋಡಿದರೆ ಗೊತ್ತಾಗುತ್ತದೆ. ಫೋಟೋ ಹಾಕಿ, ನೋಡೋಣ.

ಕಾಲುಮೈಲಿ

ಬಿಚ್ಚಿದೆ. ಎರಡು ರಾತ್ರಿ ಹಿಡಿಯಿತು.

ಪ್ಲಗ್ ಆರೂ ಒಂದೇ ಬಣ್ಣ, ತಿಳಿ ಕಂದು. ಐದನೆಯದರ ಎಲೆಕ್ಟ್ರೋಡ್ ಮಾತ್ರ ಪಿಸ್ಟನ್ ಬಡಿದು ಮಡಚಿದೆ. ಉಳಿದ ಐದು ಪಿಸ್ಟನ್ ತಲೆಯಲ್ಲಿ ಒಂದು ಗುಳಿಯೂ ಇಲ್ಲ. ರಿಂಗ್ ಬೆರಳಲ್ಲಿ ಒತ್ತಿದರೆ ಆಡುತ್ತದೆ. ಇಲ್ಲಿಗೆ ಲೀನ್ ಕಥೆ ಮುಗೀತು ಅನ್ನಿಸುತ್ತದೆ.

ಬೇರಿಂಗ್ ಟೇಬಲ್ ಮೇಲೆ ಸಾಲಾಗಿ ಇಟ್ಟಾಗ ಎದೆ ಧಸಕ್ ಅಂತು. ಒಂದನೆಯದು ಬೂದು ಬಣ್ಣ, ಪರವಾಗಿಲ್ಲ. ಎರಡರಲ್ಲಿ ಗೀರು. ಮೂರು ಮತ್ತು ನಾಲ್ಕರಲ್ಲಿ ಮೇಲಿನ ಪದರ ಸವೆದು ತಾಮ್ರ ಕಾಣುತ್ತಿದೆ. ಆರನೆಯದು ಅಂಚಿನಲ್ಲಿ ನವಿಲಿನ ಕತ್ತಿನ ಹಾಗೆ ನೀಲಿ. ಐದನೆಯದು ಬೇರಿಂಗ್ ಅಂತ ಹೇಳೋಕೆ ಆಗಲ್ಲ, ಕಾಗದದ ಹಾಗೆ ತೆಳ್ಳಗಾಗಿ ಮುದುಡಿ ಚೇಂಬರಿನಲ್ಲಿ (ಕೆಳಗಿನ ಎಣ್ಣೆ ತೊಟ್ಟಿಯಲ್ಲಿ) ಬಿದ್ದಿತ್ತು.

ಫಿಲ್ಟರ್ ಕತ್ತರಿಸಿದೆ. ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರೆ ಹಬ್ಬದ ಸೀರೆ ಜರಿ ಹಾಗೆ ಮಿನುಗುತ್ತಿತ್ತು. ಮ್ಯಾಗ್ನೆಟ್ ಆಡಿಸಿದೆ, ಹೆಚ್ಚಿನದು ಅಂಟಲಿಲ್ಲ.

ಹಳೆ ಸ್ಪ್ಯಾನರ್

ಮ್ಯಾಗ್ನೆಟ್ಟಿಗೆ ಅಂಟದ ಮಿಂಚು ಅಂದರೆ ಬೇರಿಂಗ್ ಮೆಟಲ್. ನಿಮ್ಮ ರಾಡ್ ದುರ್ಬಲ ಆಗಿರಲಿಲ್ಲ ಮಾರಾಯರೇ. ಎಣ್ಣೆ ಸಿಗದೆ ಸತ್ತಿದೆ.

ಬೂಸ್ಟ್ ಭೂತ

ಒಪ್ಪಲ್ಲ. ಕಂಪನಿ ಬೋಲ್ಟ್ ಮೂವತ್ತು ವರ್ಷ ಹಳೆಯದು. ಮೊದಲು ಬೋಲ್ಟ್ ಮುರಿದಿದೆ, ಆಮೇಲೆ ಬೇರಿಂಗ್ ಚೂರಾಗಿದೆ. ಪವರ್ ಜಾಸ್ತಿ ಆದ್ರೆ ಬೋಲ್ಟ್ ಹೋಗೋದು ಸಹಜ ಅಲ್ವಾ?

ಲೇತ್ ಅಕ್ಕ

ಎರಡು ಮಾತು. ಒಂದು, ರಾಡ್ ಬೋಲ್ಟ್ ಮೇಲೆ ಭಾರ ಬೀಳೋದು ಪವರಿನಿಂದ ಅಲ್ಲ, ಆರ್‌ಪಿಎಂನಿಂದ. ಪೆಟ್ರೋಲ್ ಉರಿದಾಗ ಪಿಸ್ಟನ್ ರಾಡನ್ನು ಕೆಳಗೆ ಒತ್ತುತ್ತದೆ, ಬೋಲ್ಟಿಗೆ ಅಲ್ಲಿ ಕೆಲಸವೇ ಇಲ್ಲ. ಎಕ್ಸಾಸ್ಟ್ ಹೊರಗೆ ಹೋಗುವಾಗ ಪಿಸ್ಟನ್ ಮೇಲ್ತುದಿ ಮುಟ್ಟಿ ಥಟ್ಟನೆ ತಿರುಗಬೇಕು. ಆಗ ಎದುರು ಒತ್ತುವ ಗ್ಯಾಸ್ ಇರುವುದಿಲ್ಲ, ಎಳೆತವೆಲ್ಲ ಬೋಲ್ಟಿನದೇ.

ಲೆಕ್ಕ ಹಾಕಿ ನೋಡಿ. ಪಿಸ್ಟನ್, ಪಿನ್, ರಿಂಗ್ ಸೇರಿ ಅರ್ಧ ಕೆ.ಜಿ. ಅಂದುಕೊಳ್ಳಿ. ಆರ್‌ಬಿ26ರ ಸ್ಟ್ರೋಕ್ (ಪಿಸ್ಟನ್ ಓಟ) 73.7 ಮಿ.ಮೀ., ರಾಡ್ ಉದ್ದ 121.5 ಮಿ.ಮೀ. 8000 ಆರ್‌ಪಿಎಂನಲ್ಲಿ ಎಳೆತ ಸುಮಾರು 1.7 ಟನ್. 9000ಕ್ಕೆ ಹೋದರೆ 2.1 ಟನ್ ದಾಟುತ್ತದೆ. ಸಾವಿರ ಸುತ್ತಿಗೆ ಕಾಲು ಪಾಲಿಗಿಂತ ಜಾಸ್ತಿ. ಬೂಸ್ಟ್ ಏರಿಸಿದ್ದಕ್ಕೆ ಬೋಲ್ಟ್ ಹೋಯ್ತು ಅನ್ನೋರು ಇದನ್ನು ಮರೆಯುತ್ತಾರೆ.

ಎರಡು, ಆ ಬೋಲ್ಟಿನ ಮುರಿದ ಮುಖದ ಹತ್ತಿರದ ಫೋಟೋ ಹಾಕಿ.

ಕಾಲುಮೈಲಿ

ನೋಡಿದೆ ಅಕ್ಕ. ಮುರಿದ ಜಾಗದಲ್ಲಿ ಬೋಲ್ಟ್ ಸಪೂರ ಆಗಿದೆ, ಚೂಯಿಂಗ್ ಗಮ್ ಎಳೆದ ಹಾಗೆ. ಇನ್ನೊಂದು ಬೋಲ್ಟ್ ಬಾಗಿದೆ, ಮುರಿದಿಲ್ಲ. ಕ್ರ್ಯಾಂಕಿನ ಐದನೇ ಜರ್ನಲ್ (ರಾಡ್ ಕೂರುವ ಭಾಗ) ಕಪ್ಪು ನೀಲಿ ಬಣ್ಣಕ್ಕೆ ತಿರುಗಿದೆ.

ಲೇತ್ ಅಕ್ಕ

ಅಲ್ಲಿಗೆ ಮುಗೀತು. ಹಳೆ ಬಿರುಕು ಬೆಳೆದು ಮುರಿದಿದ್ದರೆ ಮುಖದ ಮೇಲೆ ಸಮುದ್ರದಂಡೆ ಮರಳಿನ ಹಾಗೆ ಗೆರೆ ಗೆರೆ ಇರುತ್ತಿತ್ತು, ಬೋಲ್ಟ್ ಸಪೂರ ಆಗುತ್ತಿರಲಿಲ್ಲ. ಇದು ಬಿಸಿಯಾಗಿ, ಎಳೆದುಕೊಂಡು ಹೋಗಿ ಮುರಿದಿದ್ದು. ಮೊದಲು ಬೇರಿಂಗ್ ಒಣಗಿತು, ಜರ್ನಲ್ಲಿಗೆ ಕಚ್ಚಿಕೊಂಡಿತು, ಆಮೇಲೆ ಬೋಲ್ಟ್. ಭೂತಪ್ಪ, ಸಮಾಧಾನ ಆಯ್ತಾ?

ಬೂಸ್ಟ್ ಭೂತ

ಆಯ್ತು ಅಕ್ಕ, ಒಪ್ಪಿದೆ. ಆದ್ರೂ ಎಚ್-ಬೀಮ್ ಹಾಕಲಿ.

ಹಳೆ ಸ್ಪ್ಯಾನರ್

ಈಗ ಅಸಲಿ ಪ್ರಶ್ನೆ. ನಿಮ್ಮ ಇಸಿಯುಗೆ ಆಯಿಲ್ ಪ್ರೆಶರ್ ಸೆನ್ಸರ್ ಇದೆಯಾ? ಲಾಗ್ ಇದ್ದರೆ ತೆಗೆಯಿರಿ. ಎಂಟು ರನ್ನಿನದೂ ಬೇಕು.

ಕಾಲುಮೈಲಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಸೆನ್ಸರ್ ಇತ್ತು. ಲಾಗ್ ಕೂಡ ಆಗುತ್ತಿತ್ತು. ನಾನು ಪ್ರತಿ ರನ್ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಏರ್-ಫ್ಯುಯಲ್ ಮತ್ತು ಬೂಸ್ಟ್ ಗೆರೆ ಮಾತ್ರ ನೋಡುತ್ತಿದ್ದೆ. ಎಣ್ಣೆಯ ಗೆರೆ ಪರದೆ ಮೇಲೆ ಆನ್ ಮಾಡಿಯೇ ಇರಲಿಲ್ಲ.

ನಿನ್ನೆ ಆನ್ ಮಾಡಿದೆ. ಮೊದಲ ರನ್: ಲಾಂಚಿನಲ್ಲಿ, ಅಂದ್ರೆ ಹೊರಡುವಾಗ, 5.6 ಬಾರ್, ಕೊನೆಯಲ್ಲಿ 5.1. ಮೂರನೆಯದು: ಏಳನೇ ಸೆಕೆಂಡಿನವರೆಗೆ ಸರಿ, ಆಮೇಲೆ ಇಳಿದು 4.0. ಏಳನೆಯದು: ಕೊನೆಯಲ್ಲಿ 2.3. ಎಂಟನೆಯದು ಏಳನೇ ಸೆಕೆಂಡಿಗೆ 1.2, ಅಲ್ಲಿಂದ ಸೊನ್ನೆ.

ಏಳು ಸಲ ಎಂಜಿನ್ ಕೂಗಿ ಹೇಳಿದೆ. ನಾನು ಬೇರೆ ಕಡೆ ನೋಡುತ್ತಿದ್ದೆ.

ಡೀಸೆಲ್ ಜೀವ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಬೇಜಾರು ಮಾಡ್ಕೋಬೇಡಿ, ನಾವೂ ಅದೇ ಊರಿನವರು. ನನ್ನ ಗಾಡಿಯಲ್ಲಿ ಕೆಂಪು ದೀಪ ಕಾಣಿಸಿದಾಗ ಬಲ್ಬಿನ ಮೇಲೆ ಟೇಪ್ ಅಂಟಿಸಿದವನು ನಾನು.

ಎರಡನೇ ಗೇರ್

ಗಾಡಿ ಜೋರಾಗಿ ಮುಂದೆ ಹಾರಿದಾಗ ಚೇಂಬರಿನ ಎಣ್ಣೆ ಹಿಂದಕ್ಕೆ ಹೋಗಿ ಪಂಪಿಗೆ ಸಿಗಲಿಲ್ಲ, ಹಾಗೇನಾ?

ಹಳೆ ಸ್ಪ್ಯಾನರ್

ಒಳ್ಳೆ ಪ್ರಶ್ನೆ. ಅದು ಆಗುವುದೂ ಇದೆ. ಒಂದು ಜಿ ವೇಗೋತ್ಕರ್ಷ ಅಂದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಸಕ್ಷನ್ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳಬಹುದು. ಆದರೆ ಲಾಗ್ ಮತ್ತೆ ನೋಡಿ. ಗಾಡಿ ಅತಿ ಜೋರಾಗಿ ಹಾರುವುದು ಮೊದಲ ಎರಡು ಸೆಕೆಂಡ್. ಅಲ್ಲಿ ಪ್ರೆಶರ್ ಚೆನ್ನಾಗಿದೆ. ಬಿದ್ದಿರುವುದು ಏಳನೇ ಸೆಕೆಂಡಿನ ಮೇಲೆ, ಎಳೆತ ಕಡಿಮೆ ಆದಾಗ. ಹಾಗಾದರೆ ಎಣ್ಣೆ ಹಿಂದಕ್ಕೆ ಹೋಗಿಲ್ಲ, ಮೇಲಕ್ಕೆ ಹೋಗಿದೆ.

ಆರ್‌ಬಿ26ರ ಹಳೆ ರೋಗ ಇದು. ಬ್ಲಾಕಿನಿಂದ ಹೆಡ್ಡಿಗೆ (ಮೇಲೆ ವಾಲ್ವ್ ಇರುವ ಭಾಗಕ್ಕೆ) ಎಣ್ಣೆ ಎರಡು ದಾರಿಯಲ್ಲಿ ಏರುತ್ತದೆ. 8000ದಲ್ಲಿ ಪಂಪ್ ಸುರಿಯುವ ಎಣ್ಣೆ ಹೆಡ್ಡಿನಲ್ಲಿ ತುಂಬಿಕೊಳ್ಳುತ್ತದೆ. ಇಳಿದು ಬರುವ ತೂತುಗಳು ಸಾಲುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅದೇ ತೂತುಗಳಲ್ಲಿ ಕೆಳಗಿನಿಂದ ಬ್ಲೋ-ಬೈ ಗ್ಯಾಸ್ (ಪಿಸ್ಟನ್ ರಿಂಗ್ ದಾಟಿ ಕೆಳಗೆ ನುಸುಳಿದ ಗ್ಯಾಸ್) ಮೇಲೆ ಬರುತ್ತಿರುತ್ತದೆ. ಬಾಟಲಿಯ ಬಾಯಿಗೆ ಲಾಳಿಕೆ ಒತ್ತಿ ಹಿಡಿದು ಎಣ್ಣೆ ಸುರಿದು ನೋಡಿ. ಗುಳುಗುಳು ಅಂದು ನಿಂತೇ ಹೋಗುತ್ತದೆ. ಲಾಳಿಕೆ ಒಂದು ಚೂರು ಎತ್ತಿ, ಒಳಗಿನ ಗಾಳಿಗೆ ದಾರಿ ಸಿಕ್ಕಿದ ಕೂಡಲೇ ಸರ್ರನೆ ಇಳಿಯುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಆ ಲಾಳಿಕೆ ಒತ್ತಿಯೇ ಇತ್ತು.

ಈಗ ಹೇಳಿ. ಮೊದಲ ಪೋಸ್ಟಿನಲ್ಲಿ ಕ್ಯಾಚ್ ಕ್ಯಾನ್ ಪ್ರತಿ ರನ್ನಿಗೆ ಖಾಲಿ ಮಾಡುತ್ತಿದ್ದೆ ಅಂದಿರಿ. ಎಷ್ಟು ಬರುತ್ತಿತ್ತು?

ಕಾಲುಮೈಲಿ

ಒಂದು ಲೋಟ. ಕಾಲು ಲೀಟರ್ ಇರಬಹುದು.

ಹಳೆ ಸ್ಪ್ಯಾನರ್

ಏಳು ರನ್. ಒಂದೂವರೆ ಲೀಟರ್ ಮೇಲೆ ಆಯಿತು. ನಡುವೆ ಡಿಪ್‌ಸ್ಟಿಕ್ ಎಳೆದು ನೋಡಿದ್ದು ಎಷ್ಟು ಸಲ?

ಕಾಲುಮೈಲಿ

ಬೆಳಿಗ್ಗೆ ಒಂದು ಸಲ.

ಡೀಸೆಲ್ ಜೀವ

ಅಯ್ಯೋ ದೇವರೇ.

ಬೂಸ್ಟ್ ಭೂತ

ಇದಕ್ಕೆ ಸುಲಭದ ದಾರಿ ಇದೆ. ಒಂದು ಲೀಟರ್ ಜಾಸ್ತಿ ಎಣ್ಣೆ ಹಾಕಿಬಿಡಿ. ನನ್ನ ಗೆಳೆಯರೆಲ್ಲ ಹಾಗೇ ಓಡಿಸುತ್ತಾರೆ.

ಹಳೆ ಸ್ಪ್ಯಾನರ್

ಹಾಕುತ್ತಾರೆ, ಗೊತ್ತು. ಒಂದು ದಿನದ ಮಟ್ಟಿಗೆ ಜೀವ ಉಳಿಸಬಹುದು. ಆದರೆ ತೀರಾ ತುಂಬಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ನೊರೆ ಆಗುತ್ತದೆ. ನೊರೆ ಅಂದರೆ ಅರ್ಧ ಗಾಳಿ, ಬೇರಿಂಗಿನ ಒಳಗೆ ಗಾಳಿಗೆ ಭಾರ ಹೊರುವ ಶಕ್ತಿ ಇಲ್ಲ. ಬಕೆಟ್ ತೂತಾಗಿದೆ ಅಂತ ನಲ್ಲಿ ಜೋರಾಗಿ ಬಿಡುವ ಕೆಲಸ ಅದು.

ರಾತ್ರಿಪಾಳಿ

ಡ್ರೈ ಸಂಪ್ ಹಾಕಿದರೆ ಈ ತಲೆನೋವೇ ಇಲ್ಲ. ಎಣ್ಣೆ ಬೇರೆ ಟ್ಯಾಂಕಿನಲ್ಲಿ ಇರುತ್ತೆ, ಹೊರಗಿನ ಪಂಪ್ ಚೇಂಬರನ್ನು ಒಣಗಿಸುತ್ತಾ ಇರುತ್ತೆ, ಬ್ಲೋ-ಬೈಯನ್ನೂ ಎಳೆದು ಹಾಕುತ್ತೆ.

ಲೇತ್ ಅಕ್ಕ

ನಿಜ, ದುಡ್ಡಿದ್ದರೆ ಅದೇ ಒಳ್ಳೆಯದು. ಆದರೆ ಜಿಟಿ-ಆರ್‌ನಲ್ಲಿ ಮುಂದಿನ ಡಿಫರೆನ್ಷಿಯಲ್ ಚೇಂಬರಿಗೇ ಅಂಟಿಕೊಂಡಿದೆ, ಜಾಗ ಕಡಿಮೆ. 600 ಕುದುರೆಶಕ್ತಿಯ ಆಸುಪಾಸಿಗೆ ವೆಟ್ ಸಂಪ್ (ಎಣ್ಣೆ ಚೇಂಬರಿನಲ್ಲೇ ಇರುವುದು) ಸರಿಯಾಗಿ ಮಾಡಿದರೆ ಸಾಕು.

ಎಚ್ಚರಿಕೆ ಗಂಟೆ

ಇನ್ನೊಂದು ವಿಷಯ. ಟು-ಸ್ಟೆಪ್ (ಹೊರಡುವ ಮುಂಚೆ ನಿಂತಲ್ಲೇ ಆರ್‌ಪಿಎಂ ಹಿಡಿದಿಡುವ ಲಿಮಿಟರ್) ಹಾಕಿ ಲೈನಿನಲ್ಲಿ ಬಡಬಡ ಅಂತ ಬಡಿಸುತ್ತೀರಾ? ಮೊದಮೊದಲ ಆರ್32 ಕ್ರ್ಯಾಂಕಿನಲ್ಲಿ ಆಯಿಲ್ ಪಂಪ್ ತಿರುಗಿಸುವ ಚಪ್ಪಟೆ ಭಾಗ ತುಂಬಾ ಕಿರಿದು. ಆಮೇಲೆ ಬಂದವುಗಳಲ್ಲಿ, ಮುಂದಿನ ಮಾಡೆಲ್ ಆರ್33ರಲ್ಲೂ, ಅಗಲ ಮಾಡಿದರು. ಲಿಮಿಟರ್ ಮೇಲೆ ಬಡಿಸಿದಾಗ ಉದ್ದ ಕ್ರ್ಯಾಂಕ್ ತಿರುಚಿಕೊಂಡು ನಡುಗುತ್ತದೆ, ಪ್ರತಿ ನಡುಕವೂ ಪಂಪ್ ಗೇರಿಗೆ ಸಣ್ಣ ಸುತ್ತಿಗೆ ಏಟು. ಕಂಪನಿ ಗೇರ್ ಲೋಹದ ಪುಡಿ ಒತ್ತಿ ಮಾಡಿದ್ದು, ಗಾಜಿನ ಹಾಗೆ ಒಡೆಯುತ್ತದೆ. ಪಂಪ್ ಬಿಚ್ಚಿ ನೋಡಿ.

ಕಾಲುಮೈಲಿ

ಬಿಚ್ಚಿದೆ. ಗೇರ್ ಒಡೆದಿಲ್ಲ. ಆದರೆ ಒಳಗಿನ ಗೇರಿನ ಎರಡು ಚಪ್ಪಟೆ ಮುಖದ ಮೂಲೆ ಜಜ್ಜಿದೆ, ಉಗುರು ಆಡಿಸಿದರೆ ತಗ್ಗು ಸಿಗುತ್ತದೆ. ಹೌದು, ಟು-ಸ್ಟೆಪ್ ಇತ್ತು. ಸದ್ದು ಚೆನ್ನಾಗಿರುತ್ತೆ ಅಂತ ಸುಮ್ನೆ ನಿಂತಾಗಲೂ ಬಡಿಸುತ್ತಿದ್ದೆ.

ಎಚ್ಚರಿಕೆ ಗಂಟೆ

ಹೆಡ್ ಕೊಲ್ಲದಿದ್ದರೆ ಇನ್ನು ಐದಾರು ರನ್ನಿಗೆ ಪಂಪ್ ಕೊಲ್ಲುತ್ತಿತ್ತು. ಕ್ರ್ಯಾಂಕಿಗೆ ಅಗಲ ಕಾಲರ್ ಕೂರಿಸಿ, ಇಲ್ಲಾ ಸ್ಪ್ಲೈನ್ ಡ್ರೈವ್ (ಹಲ್ಲು ಹಲ್ಲಾಗಿ ಕೂರುವ) ಪಂಪ್ ಹಾಕಿ. ಕ್ರ್ಯಾಂಕಿನ ಮುಂದೆ ನಡುಕ ತಗ್ಗಿಸುವ ಒಳ್ಳೆ ಡ್ಯಾಂಪರ್ ಹಾಕಿ, ರಬ್ಬರ್ ಸತ್ತ ಹಳೆ ಪುಲ್ಲಿ ಬೇಡ.

ಲೇತ್ ಅಕ್ಕ

ಕಟ್ಟುವ ಮೊದಲು ನನ್ನದೊಂದು ಉದ್ದ ಪುರಾಣ ಕೇಳಿ. ನಮ್ಮಲ್ಲಿಗೆ ಎರಡನೇ ಸಲ ಬರುವ ಎಂಜಿನ್ನುಗಳು ಯಾಕೆ ಬರುತ್ತವೆ ಗೊತ್ತಾ? ಮೊದಲ ಎಂಜಿನ್ನಿನ ಬೂದಿ ಎರಡನೆಯದರ ಬಾಯಿಗೆ ಬೀಳುತ್ತದೆ. ಹೊಸ ಬ್ಲಾಕ್, ಹೊಸ ಪಿಸ್ಟನ್, ಹೊಸ ಬೇರಿಂಗ್ ಎಲ್ಲ ಹಾಕಿ, ಹಳೆ ಆಯಿಲ್ ಕೂಲರನ್ನು "ಪೆಟ್ರೋಲಿನಲ್ಲಿ ತೊಳೆದಿದ್ದೀನಿ ಅಕ್ಕ" ಅಂತ ವಾಪಸ್ ಕೂರಿಸುತ್ತಾರೆ. ಅದರ ಒಳಗಿನ ಸಂದಿಗಳಲ್ಲಿ ಸಿಕ್ಕಿಕೊಂಡ ಪುಡಿ ತೊಳೆದರೆ ಬರುವುದಿಲ್ಲ, ಬಿಸಿ ಎಣ್ಣೆ ಹರಿದಾಗ ಬರುತ್ತದೆ. ಕೂಲರ್ ಎಸೆಯಿರಿ. ಪೈಪುಗಳನ್ನೂ ಎಸೆಯಿರಿ. ಟರ್ಬೊ ಬಿಚ್ಚಿಸಿ ನೋಡಿಸಿ, ಅದೂ ಅದೇ ಎಣ್ಣೆ ಕುಡಿದಿದೆ. ಹೆಡ್ಡಿನ ಎಣ್ಣೆ ದಾರಿಗಳ ಮುಚ್ಚಳ ತೆಗೆಸಿ ಬ್ರಷ್ ಹಾಕಿ ಉಜ್ಜಿ.

ಐದನೇ ಜರ್ನಲ್ ನೀಲಿ ಆಗಿರುವ ಕ್ರ್ಯಾಂಕ್ ಬೇಡ. ಗ್ರೈಂಡ್ ಮಾಡಿದರೆ ಅಳತೆ ಸಿಗಬಹುದು, ಸುಟ್ಟ ಉಕ್ಕು ಮತ್ತೆ ಹಳೆಯ ಉಕ್ಕಾಗುವುದಿಲ್ಲ.

ಬ್ಲಾಕ್ ಸೆಕೆಂಡ್‌ಹ್ಯಾಂಡ್ ತಗೊಂಡರೆ ಅಲ್ಟ್ರಾಸೋನಿಕ್ ಹಿಡಿದು ಗೋಡೆಯ ದಪ್ಪ ಅಳೆಸಿ. ಮಾಮೂಲಿ ಬ್ಲಾಕಿನ ಮೇಲೆ 05ಯು ಅಂತ ಅಚ್ಚು ಇರುತ್ತದೆ, ರೇಸಿಗೆ ಮಾಡಿದ ಎನ್1 ಬ್ಲಾಕಿನ ಮೇಲೆ 24ಯು. 24ಯು ಸಿಕ್ಕರೆ ಅದೃಷ್ಟ, ಸಿಗದಿದ್ದರೆ 05ಯು ಸಾಕು. 86 ಮಿ.ಮೀ. ಬೋರನ್ನು (ಪಿಸ್ಟನ್ ಓಡಾಡುವ ಕೊಳವೆಯನ್ನು) 86.5ಕ್ಕೆ ಮಾಡಿಸಿ, ಅದಕ್ಕಿಂತ ಜಾಸ್ತಿ ಕೊರೆದು ಗೋಡೆ ತೆಳ್ಳಗೆ ಮಾಡಬೇಡಿ. 2568 ಸಿಸಿ ಇದ್ದದ್ದು 2599 ಆಗುತ್ತದೆ ಅಷ್ಟೆ. ಹೋನಿಂಗ್ (ಬೋರ್ ಉಜ್ಜಿ ನಯ ಮಾಡುವುದು) ಮಾಡುವಾಗ ಮೇಲೆ ದಪ್ಪ ಟಾರ್ಕ್ ಪ್ಲೇಟ್ ಬಿಗಿಯಲೇಬೇಕು. ಹೆಡ್ ಬಿಗಿದಾಗ ಬೋರ್ ಸೊಟ್ಟಗಾಗುತ್ತದೆ. ಪ್ಲೇಟ್ ಇಲ್ಲದೆ ಗುಂಡಗೆ ಮಾಡಿದ್ದು ಹೆಡ್ ಕೂರಿಸಿದ ಮೇಲೆ ಗುಂಡಗೆ ಉಳಿಯಲ್ಲ. ಆಗ ರಿಂಗ್ ಸರಿಯಾಗಿ ಒತ್ತದೆ ಬ್ಲೋ-ಬೈ ಹೆಚ್ಚುತ್ತದೆ, ಮತ್ತೆ ಲಾಳಿಕೆ ಕಥೆ ಶುರು.

ಪಿಸ್ಟನ್ ವಿಷಯದಲ್ಲಿ ಭೂತ ಹೇಳಿದ್ದು ತಪ್ಪಲ್ಲ. 2618 ಮಿಶ್ರಲೋಹದಲ್ಲಿ ಸಿಲಿಕಾನ್ ಕಡಿಮೆ, ಏಟು ಬಿದ್ದರೆ ಒಡೆಯುವ ಬದಲು ಬಗ್ಗುತ್ತದೆ. ಆದರೆ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಬೋರಿನಲ್ಲಿ ಜಾಸ್ತಿ ಸಂದು ಬಿಡಬೇಕು. ತಣ್ಣಗಿದ್ದಾಗ ಕಟಕಟ ಅನ್ನುತ್ತದೆ, ಗಾಬರಿ ಬೀಳಬೇಡಿ. 4032ರಲ್ಲಿ ಸಿಲಿಕಾನ್ ಸುಮಾರು 12%, ಹಿಗ್ಗುವುದು ಕಡಿಮೆ, ದಿನಾ ಓಡಿಸುವ ಗಾಡಿಗೆ ಅದು ಚೆನ್ನ. ಸ್ಟ್ರೋಕರ್ ಕ್ರ್ಯಾಂಕ್ ಈಗ ಬೇಡ. ಒಂದು ಸಲಕ್ಕೆ ಒಂದು ತೊಂದರೆ.

ಕಾಲುಮೈಲಿ

ಅಕ್ಕ, ಇದನ್ನು ಪ್ರಿಂಟ್ ತೆಗೆದು ಗ್ಯಾರೇಜ್ ಗೋಡೆಗೆ ಅಂಟಿಸಿದ್ದೇನೆ.

ಕಾಲುಮೈಲಿ (ನಾಲ್ಕು ತಿಂಗಳ ನಂತರ)

ಬದುಕಿದ್ದೇನೆ. ಎಂಜಿನ್ ಅರ್ಧ ಆಗಿದೆ.

05ಯು ಬ್ಲಾಕ್ ಸಿಕ್ಕಿತು. ಮೊದಲು ನೋಡಿದ್ದು ಅಳೆಸಿದಾಗ ಒಂದು ಗೋಡೆ ತೆಳ್ಳಗಿತ್ತು, ವಾಪಸ್ ಕೊಟ್ಟೆ. ಎರಡನೆಯದು ಚೆನ್ನಾಗಿದೆ. ಕ್ರ್ಯಾಂಕ್ ಆರ್33ರದು, ಬಿರುಕು ಪರೀಕ್ಷೆ ಮಾಡಿಸಿ ಪಾಲಿಶ್ ಮಾಡಿಸಿದೆ. ಪಂಪ್ ಸ್ಪ್ಲೈನ್ ಡ್ರೈವ್.

ಹೆಡ್ಡಿಗೆ ಏರುವ ಎರಡು ದಾರಿಯಲ್ಲಿ ಒಂದನ್ನು ಪೂರ್ತಿ ಮುಚ್ಚಿದೆ, ಇನ್ನೊಂದಕ್ಕೆ 1.5 ಮಿ.ಮೀ. ತೂತಿನ ರಿಸ್ಟ್ರಿಕ್ಟರ್. ಇಳಿಯುವ ತೂತುಗಳನ್ನು ದೊಡ್ಡದು ಮಾಡಿಸಿದೆ. ಹೆಡ್ಡಿನ ಹಿಂಬದಿಯಿಂದ ಚೇಂಬರಿಗೆ ಹೊರಗಡೆ ಒಂದು ದಪ್ಪ ಪೈಪ್. ಚೇಂಬರಿಗೆ ರೆಕ್ಕೆ ಕಟ್ಟಿಸಿ ಒಳಗೆ ಬಾಗಿಲಿರುವ ಬ್ಯಾಫಲ್ (ಎಣ್ಣೆ ಅತ್ತಿತ್ತ ಓಡದ ಹಾಗೆ ತಡೆಯುವ ತಗಡು) ಹಾಕಿಸಿದೆ, ಈಗ ಏಳೂವರೆ ಲೀಟರ್ ಹಿಡಿಯುತ್ತದೆ. ಕ್ಯಾಚ್ ಕ್ಯಾನಿಗೆ ಬಂದ ಎಣ್ಣೆ ಮತ್ತೆ ಚೇಂಬರಿಗೇ ಇಳಿಯುತ್ತದೆ, ನಾನು ಚೆಲ್ಲುವಂತಿಲ್ಲ.

ರಿಂಗ್ ಉಜ್ಜುವಾಗ ಒಂದು ಎಡವಟ್ಟು. ಬೂಸ್ಟಿನ ಎಂಜಿನ್ನಿಗೆ ಮೇಲಿನ ರಿಂಗಿನ ಬಾಯಿ 0.50 ಮಿ.ಮೀ. ಬೇಕಿತ್ತು. ಬಿಸಿಗೆ ಹಿಗ್ಗಿ ತುದಿಗಳು ಮುಟ್ಟಿಕೊಂಡರೆ ಪಿಸ್ಟನ್ ಅಂಚೇ ಕಿತ್ತು ಬರುತ್ತದಲ್ಲ. ಐದು ಚೆನ್ನಾಗಿ ಆದವು. ಆರನೆಯದು ಉಜ್ಜುವಾಗ ಫೋನ್ ಬಂತು, ಮಾತಾಡುತ್ತಾ ಎರಡು ಸುತ್ತು ಜಾಸ್ತಿ ತಿರುಗಿಸಿದೆ. 0.62. ಒಂದು ರಿಂಗಿಗೆ ಮೂರು ವಾರ ಕಾದೆ.

ಎರಡನೇ ಗೇರ್

ನನ್ನದು ಹಳೆ ಆರ್‌ಬಿ25ಡಿಇಟಿ. ನಾನೂ ಒಂದು ದಾರಿ ಮುಚ್ಚಿ 1.5 ಹಾಕಲಾ?

ಹಳೆ ಸ್ಪ್ಯಾನರ್

ಬೇಡ! 26ರಲ್ಲಿ ವಾಲ್ವ್ ಒತ್ತುವ ಲಿಫ್ಟರ್ ಸಾಲಿಡ್. ಹಳೆ 25ರಲ್ಲಿ ಹೈಡ್ರಾಲಿಕ್, ಅದಕ್ಕೆ ಕೆಲಸ ಮಾಡೋಕೇ ಎಣ್ಣೆಯ ಒತ್ತಡ ಬೇಕು. 26ರ ಅಳತೆ ಹಾಕಿದರೆ ಮೇಲೆ ಒಣಗಿ ಟಿಕಟಿಕ ಶುರುವಾಗುತ್ತದೆ. ಒಬ್ಬರ ಚಷ್ಮಾ ಇನ್ನೊಬ್ಬರಿಗೆ ಆಗುವುದಿಲ್ಲ.

ಲೇತ್ ಅಕ್ಕ

ರಿಂಗಿಗೆ ಕಾದಿದ್ದಕ್ಕೆ ಶಭಾಷ್. ರಾಡ್ ಬೇರಿಂಗ್ ಸಂದು ಎಷ್ಟು ಬಂತು? ಬೋಲ್ಟ್ ಹೇಗೆ ಬಿಗಿದಿರಿ?

ಕಾಲುಮೈಲಿ

48 ಮಿ.ಮೀ. ಜರ್ನಲ್, ಸಂದು 0.050ರಿಂದ 0.055. ಮೊದಲು ಪ್ಲಾಸ್ಟಿಗೇಜ್ (ಒತ್ತಿ ಸಂದು ಅಳೆಯುವ ಪ್ಲಾಸ್ಟಿಕ್ ಎಳೆ) ಇಟ್ಟು ನೋಡಿದೆ, ಆಮೇಲೆ ಬೋರ್ ಗೇಜಿನಲ್ಲಿ ಅಳೆದೆ, ಎರಡೂ ಹೊಂದಿತು. ನಾಲ್ಕನೆಯದು 0.038 ಬಂತು. ರಾತ್ರಿಯೆಲ್ಲ ತಲೆ ಕೆರೆದುಕೊಂಡೆ. ಬೆಳಿಗ್ಗೆ ನೋಡಿದರೆ ಬೇರಿಂಗಿನ ಹಿಂದೆ ಒಂದು ನೂಲಿನ ಎಳೆ, ಒರೆಸುವ ಬಟ್ಟೆಯದು. ತೆಗೆದು ಮತ್ತೆ ಅಳೆದರೆ 0.052. ಆ ಎಳೆಯನ್ನು ಬೆರಳ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಬೋಲ್ಟುಗಳನ್ನು ಟಾರ್ಕ್ ನಂಬದೆ ಸ್ಟ್ರೆಚ್ ಗೇಜ್ ಇಟ್ಟು ಬಿಗಿದೆ. ಬೋಲ್ಟ್ ತಯಾರಿಸಿದವರು ಎಷ್ಟು ಉದ್ದ ಆಗಬೇಕು ಅಂದಿದ್ದಾರೋ ಅಷ್ಟು.

ಬೂಸ್ಟ್ ಭೂತ

ಎಚ್-ಬೀಮ್ ತಾನೆ?

ಕಾಲುಮೈಲಿ

ಎಚ್-ಬೀಮ್ ಕಣಪ್ಪ.

ಕಾಲುಮೈಲಿ (ಇನ್ನೂ ಎರಡು ತಿಂಗಳ ನಂತರ)

ಸ್ಟಾರ್ಟ್ ಆಯಿತು.

ಪ್ಲಗ್ ಎಲ್ಲ ತೆಗೆದು, ಇಂಜೆಕ್ಟರ್ ಕನೆಕ್ಷನ್ ಬಿಚ್ಚಿ, ಸ್ಟಾರ್ಟರಿನಲ್ಲೇ ತಿರುಗಿಸಿ ಪ್ರೆಶರ್ ಏರುವವರೆಗೆ ಕಾದೆ. ಸೂಜಿ ಅಲುಗಾಡಿದ ಮೇಲೆ ಪ್ಲಗ್ ಹಾಕಿದ್ದು. ಮೊದಲ ಎಣ್ಣೆ ಮಿನರಲ್, ಅರ್ಧ ಗಂಟೆಗೆ ತೆಗೆದೆ. ಫಿಲ್ಟರ್ ಕತ್ತರಿಸಿದೆ. ಒಂದಿಷ್ಟು ಕಪ್ಪು ಮಸಿ, ಮಿಂಚು ಇಲ್ಲ. ಐಡಲ್‌ನಲ್ಲಿ ಗಂಟೆಗಟ್ಟಲೆ ಬಿಡದೆ ರಸ್ತೆಗೆ ಒಯ್ದು ಲೋಡ್ ಕೊಟ್ಟು, ಬಿಟ್ಟು, ಕೊಟ್ಟು ರಿಂಗ್ ಕೂರಿಸಿದೆ.

ಇಸಿಯುನಲ್ಲಿ ಒಂದು ಕಾವಲು ಹಾಕಿದ್ದೇನೆ: 4000 ಆರ್‌ಪಿಎಂ ಮೇಲೆ ಎಣ್ಣೆಯ ಪ್ರೆಶರ್ 3 ಬಾರ್‌ಗಿಂತ ಕೆಳಗೆ ಇಳಿದರೆ ಎಂಜಿನ್ ತಾನಾಗಿ ಕಟ್. ನಾನು ನೋಡದಿದ್ದರೂ ಅದು ನೋಡುತ್ತದೆ.

ನಿನ್ನೆ ಸ್ಟ್ರಿಪ್ಪಿಗೆ ಹೋಗಿದ್ದೆ. ಹಿಂದಿನ ಸಲ ಟ್ರ್ಯಾಕ್ ತೊಳೆದವರಲ್ಲಿ ಒಬ್ಬರು ನನ್ನ ಗಾಡಿ ಗುರುತು ಹಿಡಿದು, ಪುಡಿಯ ಚೀಲ ತೋರಿಸಿ ನಕ್ಕರು. ಬೂಸ್ಟ್ ಬೇಕಂತಲೇ 1.2ಕ್ಕೆ ಇಳಿಸಿದ್ದೆ, ಟು-ಸ್ಟೆಪ್ ಲೈನಿನಲ್ಲಿ ಎರಡೇ ಸೆಕೆಂಡ್. ಮೊದಲ ರನ್ 11.4. ಲ್ಯಾಪ್‌ಟಾಪ್ ತೆಗೆದು ಮೊದಲು ಎಣ್ಣೆಯ ಗೆರೆ ನೋಡಿದೆ. ಲಾಂಚಿನಿಂದ ಕೊನೆಯವರೆಗೆ 5.4, ಗೇರ್ ಬದಲಿಸಿದಾಗ ಮಾತ್ರ ಸಣ್ಣ ತಗ್ಗು. ನಾಲ್ಕು ರನ್ ಹಾಗೇ ಓಡಿಸಿ ಪ್ರತಿ ಸಲ ಡಿಪ್‌ಸ್ಟಿಕ್ ಎಳೆದೆ. ಒಂದು ಕೂದಲಿನಷ್ಟೂ ಇಳಿದಿಲ್ಲ.

ಐದನೇ ರನ್ನಿಗೆ ಬೂಸ್ಟ್ 1.5 ಮಾಡಿದೆ. 300 ಮೀಟರ್ ಬಂದಾಗ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಸಡಿಲ ಆಯಿತು, ಅದೇ ಜಾಗ. ಮತ್ತೆ ಒತ್ತಿದೆ. ಬೋರ್ಡಿನಲ್ಲಿ 10.93. ಕಾಲು ಎತ್ತದಿದ್ದರೆ ಇನ್ನೂ ಕಡಿಮೆ ಬರುತ್ತಿತ್ತು, ಇರಲಿ. ಪ್ರೆಶರ್ 5.3.

ಲೇತ್ ಅಕ್ಕ

10.93! ಇವತ್ತು ಶಾಪಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಡೀಸೆಲ್ ಜೀವ

ಕಿಟಕಿ ಇಲ್ಲದ ಮನೆ ಚೆನ್ನಾಗಿ ಓಡುತ್ತಿದೆ ಅನ್ನಿ. ಹಳೆ ಬ್ಲಾಕ್ ಏನು ಮಾಡಿದಿರಿ?

ಕಾಲುಮೈಲಿ

ಗ್ಯಾರೇಜ್ ಬಾಗಿಲಿಗೆ ಆನಿಸಿ ಇಟ್ಟಿದ್ದೇನೆ. ಬೆಕ್ಕಿನ ಮರಿ ಆ ತೂತಿನಿಂದ ಒಳಗೆ ಹೋಗಿ ಮಲಗುತ್ತದೆ.

ಹಳೆ ಸ್ಪ್ಯಾನರ್

ಬಹಳ ಸಂತೋಷ. ಹತ್ತು ರನ್ ಆದಮೇಲೆ ಫಿಲ್ಟರ್ ಮತ್ತೆ ಕತ್ತರಿಸಿ ನೋಡಿ.

ಎರಡನೇ ಗೇರ್

ಇದನ್ನೆಲ್ಲ ಓದಿ ಇವತ್ತು ನನ್ನ 25ರ ಫಿಲ್ಟರ್ ಕತ್ತರಿಸಿದೆ. ಗಾಡಿಯಲ್ಲಿ ಯಾವ ಸದ್ದೂ ಇಲ್ಲ, ಚೆನ್ನಾಗೇ ಓಡುತ್ತಿದೆ. ಆದರೆ ಮಡಿಕೆಗಳ ನಡುವೆ ಹೊಳೆಯುವ ಪುಡಿ ಇದೆ. ಮ್ಯಾಗ್ನೆಟ್ಟಿಗೆ ಅಂಟುತ್ತಿಲ್ಲ. ನಾಳೆ ಒಂದು ರನ್ನಿಗೆ ಹೆಸರು ಕೊಟ್ಟಿದ್ದೇನೆ.

ಹಳೆ ಸ್ಪ್ಯಾನರ್

ಸ್ಟಾರ್ಟ್ ಮಾಡಬೇಡಿ. ಫೋಟೋ ಹಾಕಿ.

ಎರಡನೇ ಗೇರ್

ಹಾಕುತ್ತಿದ್ದೇನೆ ಅಣ್ಣ. ಎರಡು ನಿಮಿಷ, ಕೈ ಒರೆಸಿಕೊಂಡು ಬಂದೆ.